ಕಾಡುಕೋಳಿ: ಕೆಂಪು ಯಾವುದು, ಬೂದು ಯಾವುದು?

ಮಕ್ಕಳೇ, ಸಿಂಗಪುರದ ಪುಲಾವ್ ಉಬಿನ್ ದ್ವೀಪಕ್ಕೆ ದೋಣಿಯಲ್ಲಿ ಹೋದವರು ಪೊದೆಗಳ ಅಂಚಿನಲ್ಲಿ ನೆಲ ಕೆದಕುವ ಕೋಳಿಗಳನ್ನು ನೋಡಿರುತ್ತೀರಿ. ರಜೆಯಲ್ಲಿ ಊರಿಗೆ ಹೋದಾಗ ನಾಗರಹೊಳೆಯಲ್ಲೋ ಬಿಳಿಗಿರಿರಂಗನ ಬೆಟ್ಟದಲ್ಲೋ ಅಂಥವೇ ಕೋಳಿಗಳು ಜೀಪಿನ ಮುಂದೆ ರಸ್ತೆ ದಾಟಿ ಮರೆಯಾಗುತ್ತವೆ. ಎರಡನ್ನೂ ನಾವು ಕಾಡುಕೋಳಿ ಎಂದೇ ಕರೆಯುತ್ತೇವೆ. ಆದರೆ ಅವು ಬೇರೆ ಬೇರೆ ಜಾತಿಯ ಪಕ್ಷಿಗಳು. ಇಲ್ಲಿಯದು ಕೆಂಪು ಕಾಡುಕೋಳಿ, ಕರ್ನಾಟಕದ್ದು ಬೂದು ಕಾಡುಕೋಳಿ.

ಎಲ್ಲಿವೆ?

ಕೆಂಪು ಕಾಡುಕೋಳಿ ಹಿಮಾಲಯದ ತಪ್ಪಲು ಮತ್ತು ಈಶಾನ್ಯ ಭಾರತದಿಂದ ಹಿಡಿದು ಮಲೇಷ್ಯ, ಇಂಡೋನೇಷ್ಯದವರೆಗೂ ಇದೆ. ಬೂದು ಕಾಡುಕೋಳಿ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಪಶ್ಚಿಮ ಘಟ್ಟಗಳೂ ದಕ್ಷಿಣದ ಕಾಡುಗಳೂ ಅದರ ಮನೆ. ಮಧ್ಯ ಪ್ರದೇಶದ ಪಚ್‌ಮಢಿಯ ಸುತ್ತಮುತ್ತ ಎರಡರ ಸರಹದ್ದೂ ಕೂಡುತ್ತದೆ. ಅಲ್ಲಿ ಬರೀ ಊರಿನ ಹೆಸರು ಕೇಳಿ ಹೇಳಲಾಗದು, ಹಕ್ಕಿಯನ್ನೇ ನೋಡಬೇಕು.

ಹುಂಜದ ಗುರುತು

ಕತ್ತನ್ನು ನೋಡಿ. ಕೆಂಪು ಹುಂಜದ ಕತ್ತಿನ ಉದ್ದ ಗರಿಗಳು ಬೆಂಕಿಯಂತೆ ಕೇಸರಿ, ಹೊಂಬಣ್ಣ. ಬಾಲದ ಬುಡದಲ್ಲಿ ಬಿಳಿ ಗರಿಗಳ ಗೊಂಚಲಿದ್ದು, ಹಾರುವಾಗ ಎದ್ದು ಕಾಣುತ್ತದೆ. ಬೂದು ಹುಂಜದ ಮೈ ಬೂದಿ ಬಣ್ಣ. ಕತ್ತಿನ ಕಪ್ಪು ಗರಿಗಳ ತುದಿಯಲ್ಲಿ ಅರಗಿನ ಹನಿ ಅಂಟಿಸಿದಂತೆ ಹೊಳೆಯುವ ಹಳದಿ ಚುಕ್ಕೆಗಳಿರುತ್ತವೆ.

ಮರಿ ಮಾಡುವ ಕಾಲ ಮುಗಿದ ಮೇಲೆ ಎರಡು ಜಾತಿಯ ಹುಂಜಗಳೂ ಈ ಚೆಂದದ ಗರಿಗಳನ್ನು ಉದುರಿಸಿಕೊಂಡು ಸ್ವಲ್ಪ ಕಾಲ ಮಂಕಾಗಿರುತ್ತವೆ. ಆಗ ಕಾಲನ್ನು ನೋಡಿ. ಕೆಂಪು ಕಾಡುಕೋಳಿಯ ಕಾಲು ಸೀಸದ ಬಣ್ಣ, ಬೂದು ಕಾಡುಕೋಳಿಯದು ಹಳದಿ ಅಥವಾ ಕೆಂಪು ಛಾಯೆ. ಹೆಸರಿಗೆ ತಿರುಗುಮುರುಗು ಎಂದು ನೆನಪಿಟ್ಟರೆ ಸಾಕು!

ಹೇಂಟೆಯ ಗುರುತು

ಎರಡೂ ಕಂದು ಬಣ್ಣದವು, ಒಣಗಿದ ಎಲೆಗಳ ನಡುವೆ ಕಾಣುವುದೇ ಕಷ್ಟ. ಬೂದು ಹೇಂಟೆಯ ಎದೆ ಬಿಳಿ. ಪ್ರತಿ ಗರಿಗೂ ಕಪ್ಪು ಅಂಚಿರುವುದರಿಂದ ಮೀನಿನ ಹುರುಪೆಯಂತೆ ತೋರುತ್ತದೆ. ಕೆಂಪು ಹೇಂಟೆಯ ಎದೆಯಲ್ಲಿ ಈ ವಿನ್ಯಾಸವಿಲ್ಲ, ಅದು ಬರಿಯ ಕೆಂಗಂದು.

ಕೂಗು

ಕೆಂಪು ಹುಂಜ ನಮ್ಮ ಊರಕೋಳಿಯಂತೆಯೇ ಕೂಗುತ್ತದೆ, ಆದರೆ ಕೊನೆಯ ಸ್ವರವನ್ನು ಎಳೆಯದೆ ಥಟ್ಟನೆ ನಿಲ್ಲಿಸುತ್ತದೆ. ಬೂದು ಹುಂಜದ್ದು "ಕು-ಕಯಕ್-ಕ್ಯುಕ್-ಕ್ಯುಕ್" ಎಂಬ ಒಡಕು ದನಿ. ಕೊಡಗಿನ ಕಾಫಿ ತೋಟದಲ್ಲಿ ಬೆಳಗಿನ ಜಾವ ಎದ್ದರೆ ಕೇಳಬಹುದು.

ಇದನ್ನೆಲ್ಲ ತಿಳಿದು ಏನಾಗಬೇಕು?

ಪ್ರಪಂಚದ ಸಾಕುಕೋಳಿಗಳಿಗೆಲ್ಲ ಮೂಲ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಹಿತ್ತಲಿನ ಕೋಳಿಗೆ ಈ ಇಬ್ಬರೂ ಹಿರಿಯರೇ.

ಈ ಹತ್ತಿರದ ನೆಂಟಸ್ತಿಕೆಯೇ ಕಾಡುಕೋಳಿಗೆ ಅಪಾಯ. ಊರಕೋಳಿ ಕಾಡಿನಂಚಿಗೆ ಸೇರಿದರೆ ಕೆಂಪು ಕಾಡುಕೋಳಿಯೊಂದಿಗೆ ಸುಲಭವಾಗಿ ಕೂಡಿ ಮಿಶ್ರತಳಿ ಹುಟ್ಟುತ್ತದೆ. ಹಾಗೇ ಮುಂದುವರಿದರೆ ಅಸಲಿ ಕಾಡುಕೋಳಿ ಯಾರಿಗೂ ತಿಳಿಯದಂತೆ ಇಲ್ಲವಾಗುತ್ತದೆ. 2017ರಲ್ಲಿ ಸಿಂಗಪುರದ ಸಿನ್ ಮಿಂಗ್ ಬಡಾವಣೆಯಲ್ಲಿ ಓಡಾಡುತ್ತಿದ್ದ 24 ಕೋಳಿಗಳನ್ನು ಗದ್ದಲದ ದೂರು ಬಂದ ಮೇಲೆ ಕೊಲ್ಲಲಾಯಿತು. ಅವು ಕಾಡುಕೋಳಿಯೋ ಊರಕೋಳಿಯೋ ಎಂಬ ಚರ್ಚೆ ಆಗ ಜೋರಾಗಿಯೇ ನಡೆಯಿತು. ಗುರುತು ಹಿಡಿಯುವುದು ಒಂದು ಹಕ್ಕಿಯ ಅಳಿವು ಉಳಿವಿನ ಪ್ರಶ್ನೆಯೂ ಆಗಬಲ್ಲದು.

ಆದ್ದರಿಂದ ಕಾಡುಕೋಳಿ ಕಂಡರೆ ಅಕ್ಕಿ, ಬ್ರೆಡ್ಡು ಹಾಕಬೇಡಿ. ಇಲ್ಲಿ ವನ್ಯಜೀವಿಗಳಿಗೆ ತಿನ್ನಿಸುವುದು ಕಾನೂನಿಗೂ ವಿರುದ್ಧ. ಸಾಕಿದ ಕೋಳಿಯನ್ನು ಕಾಡಿಗೆ ಬಿಡಬೇಡಿ. ದೂರ ನಿಂತು ಕತ್ತು, ಎದೆ, ಕಾಲು ನೋಡಿ, ಕೂಗು ಕೇಳಿ, ಪುಸ್ತಕದಲ್ಲಿ ಬರೆದಿಡಿ. ಮುಂದಿನ ರಜೆಯಲ್ಲಿ ಅಜ್ಜ ಅಜ್ಜಿಯ ಊರಿನ ಕಾಡಿನಲ್ಲಿ ಬೂದು ಹುಂಜ ಕಂಡರೆ, ಜೊತೆಗಿದ್ದವರಿಗೆ ವ್ಯತ್ಯಾಸ ವಿವರಿಸುವ ಸರದಿ ನಿಮ್ಮದು.