ದೀಕ್ಷೆಗೆ ಮುನ್ನ ಒಂದು ದೀರ್ಘ ನಿರೀಕ್ಷೆ

ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ. ನಡುವೆ ಸಾಗುವ ತ್ರಾಸಿ-ಮರವಂತೆಯ ಹೆದ್ದಾರಿಯ ಸೊಬಗನ್ನು ಬಲ್ಲವರು ಅನೇಕರು. ಈ ತೀರದಲ್ಲಿ ಕೆಥೊಲಿಕ ಕ್ರೈಸ್ತರ ಬಾಳ್ವೆಯೂ ಹಳೆಯದು; ಸಮೀಪದ ಕುಂದಾಪುರದ ರೋಸರಿ ಮಾತೆಯ ಇಗರ್ಜಿಯ ಮೂಲವನ್ನು 1570ಕ್ಕೆ ಒಯ್ಯುತ್ತಾರೆ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ದೀಕ್ಷಾಸ್ನಾನವೆಂದರೆ ಬಹುಮಟ್ಟಿಗೆ ಹಸುಗೂಸಿನ ಸಂಭ್ರಮ. ಗುರುಗಳ ಪ್ರಶ್ನೆಗಳಿಗೆ ಆಗ ಉತ್ತರವೀಯುವವರು ತಾಯಿತಂದೆಗಳು ಮತ್ತು ಜ್ಞಾನಪಿತೃಗಳು. ಆದರೆ ಪ್ರಾಪ್ತವಯಸ್ಕರೊಬ್ಬರು ದೀಕ್ಷೆ ಬೇಡಿ ಬಂದರೆ, ಅವರ ಬದಲಿಗೆ ಉತ್ತರಿಸುವ ಹಕ್ಕು ಯಾರಿಗೂ ಇಲ್ಲ. ಆದುದರಿಂದಲೇ ಅವರ ಹಾದಿ ದೀರ್ಘವಾದುದು.

ಪ್ರಾಚೀನ ಸಭೆಯಲ್ಲಿದ್ದು ಕಾಲಕ್ರಮದಲ್ಲಿ ಮರೆಯಾದ ಈ ಸಿದ್ಧತೆಯನ್ನು ಪುನಃ ಸ್ಥಾಪಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ವಿಧಿಸಿತು. ಅದರ ವಿಧಿಗ್ರಂಥ 1972ರಲ್ಲಿ ಪ್ರಕಟವಾಯಿತು. ಅದರಂತೆ ಮೊದಲು ವಿಚಾರಣೆಯ ಕಾಲ. ಬಳಿಕ ದೇವಾಲಯದ ಹೊಸ್ತಿಲಲ್ಲಿ ಸ್ವಾಗತ: ಹೆಸರೇನು, ಸಭೆಯಿಂದ ಬೇಡುವುದೇನು ಎಂದು ಗುರುಗಳು ಕೇಳಿ, ಹಣೆಯ ಮೇಲೆ ಶಿಲುಬೆಯ ಗುರುತನ್ನಿಡುತ್ತಾರೆ. ಅನಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಪದೇಶ. ತಪಸ್ಸುಕಾಲದ ಮೊದಲನೆಯ ಭಾನುವಾರ ಆಯ್ಕೆಯ ವಿಧಿ. ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ ಅಂತಃಶೋಧನೆಯ ಪ್ರಾರ್ಥನೆಗಳು.

ಎಲ್ಲಕ್ಕೂ ಕಲಶಪ್ರಾಯವಾದುದು ಪಾಸ್ಖ ಜಾಗರಣೆಯ ಇರುಳು. ಕತ್ತಲಲ್ಲಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ಪಾಸ್ಖ ದೀಪವನ್ನು ಹೊತ್ತಿಸುತ್ತಾರೆ. ದೀಕ್ಷಾರ್ಥಿಯು ಪಾಪವನ್ನು ತ್ಯಜಿಸಿ, ತನ್ನ ವಿಶ್ವಾಸವನ್ನು ತಾನೇ ಸಾರಿದ ಮೇಲೆ ಜಲಸ್ನಾನ, ಶ್ವೇತವಸ್ತ್ರ, ಉರಿಯುವ ಮೇಣದ ಬತ್ತಿ. ಅದೇ ರಾತ್ರಿ ತೈಲಲೇಪನದ ದೃಢೀಕರಣ, ಮೊದಲ ಪರಮಪ್ರಸಾದ. ಮಕ್ಕಳಿಗೆ ವರ್ಷಗಳ ಅಂತರದಲ್ಲಿ ದೊರೆಯುವ ಮೂರು ಸಂಸ್ಕಾರಗಳು ಇವರಿಗೆ ಒಂದೇ ಇರುಳಿನಲ್ಲಿ ಲಭಿಸುತ್ತವೆ.

ಹೊರಗಿನವರಿಗೆ ಕಾಣುವುದು ಈ ಸಂಭ್ರಮ. ಕಾಣದಿರುವುದು ಮನೆಯೊಳಗಿನ ತಳಮಳ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಪ್ರಾಟೆಸ್ಟಂಟರ ಬಾಸೆಲ್ ಮಿಶನ್ನಿನಲ್ಲಿ ದೀಕ್ಷೆ ಪಡೆದಾಗ ಊರಿಗೆ ಊರೇ ಕಲಕಿಹೋಯಿತು. ಹೆತ್ತವರ ಕಣ್ಣೀರು, ಬಂಧುಗಳ ಮುನಿಸು ಇಂದಿಗೂ ಇಂಥ ನಿರ್ಧಾರದ ಬೆನ್ನಿಗಿರುವುದುಂಟು.

ಅಂತೆಯೇ ಇಲ್ಲಿ ಅವಸರ ಸಲ್ಲದು. ಬಲಾತ್ಕಾರದಿಂದ ಯಾರನ್ನೂ ವಿಶ್ವಾಸಕ್ಕೆ ತರಕೂಡದೆಂದು 1983ರ ಕೆಥೊಲಿಕ ಧರ್ಮಸಂಹಿತೆ ಸ್ಪಷ್ಟವಾಗಿ ನುಡಿಯುತ್ತದೆ. ವಿವಾಹಕ್ಕಾಗಿ ಮತವನ್ನು ಬಿಡಲೇಬೇಕೆಂಬ ನಿರ್ಬಂಧವೂ ಇಲ್ಲ. ಅನ್ಯಮತೀಯರೊಡನೆ ಮದುವೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿಯನ್ನು ಪಡೆಯಬಹುದು. ನೀರಿನ ಬಳಿ ನಿಲ್ಲುವವರೆಗೂ ದೀಕ್ಷಾರ್ಥಿಗೆ ಹಿಂದಿರುಗುವ ಸ್ವಾತಂತ್ರ್ಯವಿದೆ. ‘ಒಲ್ಲೆ’ ಎನ್ನಲು ಅಷ್ಟು ಕಾಲ ದೊರೆತದ್ದರಿಂದಲೇ, ಕೊನೆಯಲ್ಲಿ ನುಡಿದ ‘ಒಪ್ಪಿದೆ’ ಎಂಬ ಮಾತಿಗೆ ಬೆಲೆ.