ಗಣಕಯಂತ್ರದ ಮಾನಿಟರ್ ಅಳವಡಿಕೆ

ಮಾನಿಟರ್ ಅಳವಡಿಕೆ ಎಂದರೆ ಗಣಕಯಂತ್ರದ ಪರದೆಯನ್ನು ಮೇಜಿಗೆ ಅಥವಾ ಗೋಡೆಗೆ ಭದ್ರವಾಗಿ ಜೋಡಿಸಿ, ನೋಡುವವರ ಕಣ್ಣಿಗೆ ಹೊಂದುವ ಎತ್ತರ, ದೂರ ಮತ್ತು ಕೋನದಲ್ಲಿ ನಿಲ್ಲಿಸುವ ಕ್ರಮ. ಸೂಕ್ತ ವಿಧಾನದ ಆಯ್ಕೆಯು ಮೂರು ಸಂಗತಿಗಳನ್ನು ಅವಲಂಬಿಸಿದೆ: ಪರದೆಯ ತೂಕ, ಮೇಜಿನ ಗಟ್ಟಿತನ ಮತ್ತು ಆ ಪರದೆಯನ್ನು ಯಾರು ನೋಡಬೇಕು ಎಂಬುದು.

ವಿಧಗಳು

ಮಾನಿಟರಿನೊಂದಿಗೆ ಬರುವ ಸ್ಟ್ಯಾಂಡ್ ಅತ್ಯಂತ ಸರಳವಾದುದು. ಆದರೆ ಅದು ಮೇಜಿನ ಜಾಗವನ್ನು ಆಕ್ರಮಿಸುತ್ತದೆ ಮತ್ತು ಹಲವು ಸ್ಟ್ಯಾಂಡ್‌ಗಳ ಎತ್ತರವನ್ನು ಬದಲಿಸಲಾಗುವುದಿಲ್ಲ. ಇದಕ್ಕೆ ಪರ್ಯಾಯವಾದ ಮಾನಿಟರ್ ತೋಳನ್ನು ಮೇಜಿನ ಹಿಂಬದಿಯ ಅಂಚಿಗೆ ಕ್ಲ್ಯಾಂಪ್‌ನಿಂದ ಬಿಗಿಯಬಹುದು, ಇಲ್ಲವೇ ಮೇಜಿನಲ್ಲಿ ರಂಧ್ರ ಕೊರೆದು ಬೋಲ್ಟ್‌ನಿಂದ ಕೂರಿಸಬಹುದು. ಮೇಜು ದುರ್ಬಲವಾಗಿದ್ದರೆ ಗೋಡೆಗೆ ಜೋಡಿಸುವುದು ಉತ್ತಮ.

ಅಳತೆಯ ಮಾನಕ

1989ರಲ್ಲಿ ಸ್ಥಾಪನೆಯಾದ ವಿಡಿಯೊ ಎಲೆಕ್ಟ್ರಾನಿಕ್ಸ್ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್ (ವೆಸಾ) ಸಂಸ್ಥೆಯು ಪರದೆಯ ಹಿಂಬದಿಯ ತಿರುಪಿನ ರಂಧ್ರಗಳಿಗೆ ಮಾನಕವನ್ನು ರೂಪಿಸಿದೆ. ಮೇಜಿನ ಮೇಲಿಡುವ ಮಾನಿಟರ್‌ಗಳಲ್ಲಿ ಇವು ಸಾಮಾನ್ಯವಾಗಿ 75×75 ಅಥವಾ 100×100 ಮಿ.ಮೀ. ಚೌಕದ ನಾಲ್ಕು ಮೂಲೆಗಳಲ್ಲಿರುತ್ತವೆ. ತಿರುಪಿನ ವ್ಯಾಸ 4 ಮಿ.ಮೀ. ಎಲ್ಲ ಮಾನಿಟರ್‌ಗಳಲ್ಲಿಯೂ ಈ ರಂಧ್ರಗಳಿರುವುದಿಲ್ಲವಾದ್ದರಿಂದ ತೋಳನ್ನು ಕೊಳ್ಳುವ ಮೊದಲು ಪರಿಶೀಲಿಸಬೇಕು. ತೋಳು ಹೊರಬಲ್ಲ ತೂಕವು ಸ್ಟ್ಯಾಂಡ್ ತೆಗೆದ ಪರದೆಯ ತೂಕಕ್ಕೆ ಹೊಂದಬೇಕು. ಗ್ಯಾಸ್ ಸ್ಪ್ರಿಂಗ್ ಇರುವ ತೋಳಿಗೆ ಕನಿಷ್ಠ ತೂಕದ ಮಿತಿಯೂ ಇರುತ್ತದೆ. ಪರದೆ ತೀರ ಹಗುರವಾದರೆ ತೋಳು ತಾನಾಗಿ ಮೇಲಕ್ಕೇರುತ್ತದೆ.

ಮೇಜಿನ ಪರೀಕ್ಷೆ

ಮುಂದಕ್ಕೆ ಚಾಚಿದ ತೋಳು ಸನ್ನೆಯಂತೆ ವರ್ತಿಸುತ್ತದೆ. 5 ಕೆ.ಜಿ. ತೂಕದ ಪರದೆ 48 ಸೆ.ಮೀ. ಮುಂದಿದ್ದು, ಕ್ಲ್ಯಾಂಪಿನ ತಳ 8 ಸೆ.ಮೀ. ಇದ್ದರೆ, ಅಂಚಿನ ಮೇಲೆ ಸುಮಾರು 30 ಕೆ.ಜಿ. ತೂಕಕ್ಕೆ ಸಮನಾದ ಬಲ ಬೀಳುತ್ತದೆ. ಆದ್ದರಿಂದ ಗಾಜಿನ ಮೇಜಿಗೆ ಕ್ಲ್ಯಾಂಪ್ ಬಳಸಬಾರದು. ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮಳೆಗಾಲದ ತೇವಕ್ಕೆ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಅದರ ಮೇಲೂ ಕೆಳಗೂ ಲೋಹದ ಅಗಲವಾದ ತಗಡನ್ನಿಟ್ಟು ಒತ್ತಡವನ್ನು ಹಂಚಬೇಕು.

ಸಾಗವಾನಿ ಕಾಡುಗಳಿರುವ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಸಾಂಬ್ರಾಣಿ, ದಾಂಡೇಲಿ ಭಾಗದಲ್ಲಿ ಬಳಕೆಯಲ್ಲಿರುವ ಸಾಗವಾನಿ ಮೇಜುಗಳಂಥ ಗಟ್ಟಿ ಮರದ ಮೇಜು ಈ ಭಾರವನ್ನು ಸುಲಭವಾಗಿ ತಡೆಯುತ್ತದೆ. ಆದರೆ ಹಳೆಯ ಮೇಜುಗಳ ಹಲಗೆಯ ಕೆಳಗೆ ಅಂಚಿನುದ್ದಕ್ಕೂ ಮರದ ಪಟ್ಟಿ ಇರುವುದುಂಟು. ಅದು ಕ್ಲ್ಯಾಂಪಿಗೆ ಅಡ್ಡವಾದಲ್ಲಿ ಬೋಲ್ಟ್ ವಿಧಾನವನ್ನು ಅನುಸರಿಸಬೇಕಾಗುತ್ತದೆ.

ಎತ್ತರ ಮತ್ತು ದೂರ

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ದೂರ 50ರಿಂದ 100 ಸೆ.ಮೀ. ಇರಬೇಕು. ಬೈಫೋಕಲ್ ಕನ್ನಡಕ ಧರಿಸುವವರು ಪರದೆಯನ್ನು ಇನ್ನಷ್ಟು ತಗ್ಗಿಸಬೇಕು. ಇಲ್ಲವಾದರೆ ತಲೆಯೆತ್ತಿ ನೋಡಿ ಕುತ್ತಿಗೆ ನೋಯುತ್ತದೆ. ಕಿಟಕಿಯು ಪರದೆಯ ಪಕ್ಕಕ್ಕಿದ್ದರೆ ಬೆಳಕಿನ ಪ್ರತಿಫಲನ ಕಡಿಮೆ. ಎರಡು ಪರದೆಗಳನ್ನು ಸಮಾನವಾಗಿ ಬಳಸುವವರು ಅವು ಕೂಡುವ ಅಂಚನ್ನು ಎದುರಿಗಿಟ್ಟುಕೊಳ್ಳಬೇಕು. ಒಂದನ್ನೇ ಹೆಚ್ಚು ಬಳಸುವವರು ಅದನ್ನು ನೇರ ಎದುರಿಗೂ ಮತ್ತೊಂದನ್ನು ಪಕ್ಕಕ್ಕೂ ಇಡಬೇಕು.

ಕರ್ನಾಟಕದ ಉದಾಹರಣೆ

ಎರಡನೆಯ ಪರದೆ ಯಾವಾಗಲೂ ಕೆಲಸ ಮಾಡುವವರಿಗಾಗಿಯೇ ಇರುವುದಿಲ್ಲ. 2000ನೆಯ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರವು ಭೂಮಿ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಅವುಗಳ ಪ್ರತಿ ನೀಡುವ ವ್ಯವಸ್ಥೆಯನ್ನು ತಂದಿತು. ಈ ಕೇಂದ್ರಗಳ ವಿನ್ಯಾಸದಲ್ಲಿ ಒಂದು ಪರದೆ ಸಿಬ್ಬಂದಿಯ ಕಡೆಗೂ ಮತ್ತೊಂದು ರೈತರ ಕಡೆಗೂ ಮುಖ ಮಾಡಿತ್ತು. ತಮ್ಮ ಜಮೀನಿನ ದಾಖಲೆಯಲ್ಲಿ ನಡೆಯುತ್ತಿರುವುದನ್ನು ರೈತರು ಕಣ್ಣಾರೆ ಕಾಣಲಿ ಎಂಬುದು ಇದರ ಉದ್ದೇಶ. ಜನರೊಡನೆ ವ್ಯವಹರಿಸುವ ಯಾವುದೇ ಕಚೇರಿಯಲ್ಲಿ ಪರದೆಯನ್ನು ಅಳವಡಿಸುವಾಗ, ಮೇಜಿನ ಆಚೆ ನಿಂತವರಿಗೂ ಅದು ಕಾಣಬೇಕೇ ಎಂಬುದನ್ನು ಮೊದಲೇ ನಿರ್ಧರಿಸುವುದು ಅಗತ್ಯ.