ಮಿಸಿಸಿಪ್ಪಿಯ ಹಳ್ಳಿಗೆ ಹೋಗಬೇಕೇ?

ಜೆ-1 ವೀಸಾದ ಮೇಲೆ ಅಮೆರಿಕೆಯಲ್ಲಿ ತರಬೇತಿ ಪಡೆದ ವೈದ್ಯರು ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬುದು ನಿಯಮ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಲು ಒಪ್ಪಿದವರಿಗೆ ವಿನಾಯಿತಿ ನೀಡುವ ಕಾನ್ರಾಡ್ ಯೋಜನೆ 1994ರಲ್ಲಿ ಬಂದಿತು. 2002ರಲ್ಲಿ ಪ್ರತಿ ರಾಜ್ಯದ ವಾರ್ಷಿಕ ಮಿತಿ 20ರಿಂದ 30ಕ್ಕೇರಿತು. ಈ ದಾರಿಯಲ್ಲಿಯೇ ನಮ್ಮ ಅಳಿಯಂದಿರಿಗೆ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಸೀಮೆಯ ಸಣ್ಣ ಊರೊಂದರಿಂದ ಕರೆ ಬಂದಿದೆ.

"ಅಲ್ಲಿ ಗುಡಿ ಇದೆಯೇ?" ಎಂದು ಬೀಗರು ಕೇಳಿದರು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ಅದೊಂದು ಅಡ್ಡಿಯೆಂದು ನಮಗನಿಸಲಿಲ್ಲ. ಸತ್ಸಂಗಕ್ಕೆ ನಾಲ್ಕು ಮನೆಗಳಿಲ್ಲದಿರುವುದು ಮಾತ್ರ ನಿಜವಾದ ಕೊರತೆಯೇ.

ನಮ್ಮನ್ನು ಹೆಚ್ಚು ಕಾಡಿದ್ದು ಮಗಳ ಚಿಂತೆ. ಜೆ-2 ವೀಸಾದಲ್ಲಿರುವ ಅವಳು ಅನುಮತಿ ಪಡೆದು ದುಡಿಯುತ್ತಿದ್ದಾಳೆ. ಪತಿ ಎಚ್-1ಬಿಗೆ ಬದಲಾದೊಡನೆ ಅವಳು ಎಚ್-4 ಆಗುವಳು. ಸಾಮಾನ್ಯವಾಗಿ ಉದ್ಯೋಗ ಬಿಡಬೇಕಾಗುವುದು. 2015ರ ಸಡಿಲಿಕೆಯೂ ಪತಿಯ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತ ದಾಟಿದವರಿಗಷ್ಟೇ. ಸಂಬಳದ ಮಾತಾಡುವವರು ಇದನ್ನು ಹೇಳುವುದೇ ಇಲ್ಲ!

ಡೆಲ್ಟಾ ಎಂದರೆ ಕಣ್ಣು ಹಾಯುವಷ್ಟು ದೂರ ಹತ್ತಿ, ಸೋಯಾ ಹೊಲಗಳು. ಬೇಸಿಗೆಯ ಸೆಕೆ ನಮ್ಮ ಕರಾವಳಿಯದೇ. ಸುಂಟರಗಾಳಿಯ ಭಯವೂ ಉಂಟು. ಕಾರಿಲ್ಲದೆ ಸಂತೆಸಾಮಾನು ತರುವುದೂ ಕಷ್ಟ. ಒಂದು ಕಾಲಕ್ಕೆ ಅಲ್ಲಿನ ಹತ್ತಿಹೊಲಗಳಲ್ಲಿ ಗುಲಾಮರಾಗಿ ದುಡಿದವರ ವಂಶಸ್ಥರು ಇಂದಿಗೂ ಬಡತನದಲ್ಲಿದ್ದು, ವೈದ್ಯರಿಗಾಗಿ ದೂರದೂರ ಹೋಗಬೇಕಾಗಿದೆ. ಅಳಿಯಂದಿರಿಗೆ ಇದೇ ಕಾಯಕವೆನಿಸಿದೆ, ನಮಗೂ ಹಾಗೆಯೇ. ಆದರೆ ಅವರ ಕಾಯಕಕ್ಕಾಗಿ ಮಗಳು ತನ್ನದನ್ನು ಬಿಡಬೇಕೆನ್ನಲು ನಮಗೆ ಬಾಯಿ ಬರಲಿಲ್ಲ.

ಸಹಿ ಹಾಕುವ ಮೊದಲು ಇಬ್ಬರೂ ಆ ಊರಿನಲ್ಲಿ ನಾಲ್ಕು ದಿನ ಇದ್ದು ಬನ್ನಿರೆಂದಿದ್ದೇವೆ, ಅದೂ ಜುಲೈ ತಿಂಗಳಲ್ಲಿಯೇ.